‘ನೀವು ಯಾವ ಪೈಕಿ?’ ಅಂದಾಗ ಸುಳ್ಳು ಹೇಳಿಬಿಟ್ಟೆ, ಈಗೇನು ಮಾಡಲಿ?

ಪ್ರಶ್ನೆ: ಮೇಡಂ, ನಾನು ಹಾನಗಲ್ ತಾಲ್ಲೂಕಿನ ಒಂದು ಹಳ್ಳಿಯವಳು. ಧಾರವಾಡದಲ್ಲಿ ಎಂ.ಎಸ್ಸಿ ಮೊದಲ ವರ್ಷ. ಹಾಸ್ಟೆಲ್ ಸೀಟು ಸಿಗಲಿಲ್ಲ, ಇಬ್ಬರು ಕ್ಲಾಸ್‌ಮೇಟ್‌ಗಳ ಜೊತೆ ಬಾಡಿಗೆ ರೂಮಿನಲ್ಲಿದ್ದೇನೆ. ಬಂದ ದಿನವೇ ಒಬ್ಬಳು ‘ನೀವು ಯಾವ ಪೈಕಿ?’ ಅಂದಳು. ‘ನಿಮ್ಮ ಪೈಕಿನೇ’ ಅಂದುಬಿಟ್ಟೆ. ನಾವು ಎಸ್‌ಸಿ. ಅಪ್ಪ ಹಲಗಿ (ತಮಟೆ) ಬಾರಿಸುತ್ತಾರೆ, ಉಳಿದ ದಿನ ಕೂಲಿ. ಏಳು ತಿಂಗಳಾಯಿತು. ಅಪ್ಪ ಬಂದರೆ ಬಸ್‌ಸ್ಟ್ಯಾಂಡಿನಲ್ಲೇ ಮಾತಾಡಿಸಿ ಕಳಿಸುತ್ತೇನೆ. ಹೋದ ವಾರ ಡಿಪಾರ್ಟ್‌ಮೆಂಟಿನವರು ಸ್ಕಾಲರ್‌ಶಿಪ್ ಪಟ್ಟಿಯನ್ನು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು, ಕೆಟಗರಿ ಕಾಲಂ ಸಮೇತ. ಮರುದಿನ ಲ್ಯಾಬಿನಲ್ಲಿ ಒಬ್ಬ ‘ನಿಮಗೇನ್ ಬಿಡವ್ವಾ, ಹೆಂಗಿದ್ರೂ ಸೀಟು’ ಅಂದ. ರೂಮ್‌ಮೇಟ್‌ಗಳು ಏನೂ ಅಂದಿಲ್ಲ, ಆದರೆ ಏನೋ ಬದಲಾಗಿದೆ. ನಾನೇ ಹೇಳಿಬಿಡಬೇಕಾ, ಸುಮ್ಮನಿರಬೇಕಾ? ಸುಳ್ಳು ಹೇಳಿದ್ದು ನನ್ನದೇ ತಪ್ಪಲ್ವಾ?

ಉತ್ತರ: ತಂಗಿ, ನೀನು ಕೊನೆಗೆ ಕೇಳಿದ್ದನ್ನೇ ಮೊದಲು ತಗೊಳ್ಳೋಣ. ತಪ್ಪು ನಿನ್ನದಲ್ಲ. ಗಂಟುಮೂಟೆ ಇನ್ನೂ ಬಿಚ್ಚಿಲ್ಲ, ಅಡ್ವಾನ್ಸ್ ಕೊಟ್ಟಾಗಿದೆ, ಊರಿಗೆ ವಾಪಸ್ ಹೋಗುವ ಹಾಗಿಲ್ಲ, ಎದುರಿಗಿರುವವರು ಹೇಗೋ ಏನೋ ಗೊತ್ತಿಲ್ಲ, ಅಂಥ ಹೊತ್ತಲ್ಲಿ ಆ ಪ್ರಶ್ನೆ ಬಂದರೆ ಬಾಯಿ ತಾನಾಗಿಯೇ ಏನೋ ಒಂದು ಹೇಳಿ ಪಾರಾಗಿಬಿಡುತ್ತದೆ. ನಾನು 26 ವರ್ಷ ಸಮಾಜಶಾಸ್ತ್ರ ಪಾಠ ಮಾಡಿದವಳು. ಇದೇ ಕಥೆಯನ್ನು ನನ್ನೆದುರು ಕೂತು ಹೇಳಿದ ಮಕ್ಕಳು ಎಷ್ಟೋ ಜನ. ಒಬ್ಬ ಹುಡುಗ ತಾನು ಕ್ರಿಶ್ಚಿಯನ್ ಅಂದುಬಿಟ್ಟಿದ್ದ. ಪಾಪ, ಪ್ರತಿ ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಚರ್ಚಿಗೆ ಹೊರಟವನ ಹಾಗೆ ಹೊರಟು ಕೆಲಗೇರಿ ಕೆರೆ ದಂಡೆಯಲ್ಲಿ ಎರಡು ತಾಸು ಕೂತು ಬರುತ್ತಿದ್ದನಂತೆ. ಅವನು ಹೇಳುವಾಗ ಇಬ್ಬರೂ ನಕ್ಕೆವು. ಆಮೇಲೆ ಅವನು ಅತ್ತ.

ನಮ್ಮ ಕಡೆ ಆ ಪ್ರಶ್ನೆ ಎಷ್ಟು ಸಲೀಸು ನೋಡು. ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ, ಮನೆ ತೋರಿಸುವ ಮಾಲೀಕರು ಕೇಳುತ್ತಾರೆ, ಗೋಡೆ ಮೇಲೆ ಬಸವಣ್ಣನವರ ಫೋಟೋ ಇರುತ್ತದೆ, ಅದರ ಕೆಳಗೇ ನಿಂತು ಕೇಳುತ್ತಾರೆ. ಯಾವೂರು, ಅಡ್ಡಹೆಸರೇನು, ಯಾವ ಪೈಕಿ. ಮೊದಲ ಎರಡಕ್ಕೇ ಗೊತ್ತಾದರೆ ಮೂರನೆಯದನ್ನು ಕೇಳುವುದಿಲ್ಲ. ಮೈಸೂರು ಕಡೆಯವರಿಗೆ ಇನಿಷಿಯಲ್ ಇದೆ, ಬಚಾವ್. ನಮಗೆ ಅಡ್ಡಹೆಸರು. ಮಾದರ, ಚಲವಾದಿ ಎಂದರೆ ಮುಗಿಯಿತು. ಶಾಲೆಗೆ ಸೇರಿಸುವಾಗ ಮಾಸ್ತರರು ಅಡ್ಡಹೆಸರಿನ ಜಾಗದಲ್ಲಿ ‘ಹರಿಜನ’ ಅಂತಲೇ ಬರೆದ ಮಕ್ಕಳು ಎಷ್ಟಿಲ್ಲ. ನಮ್ಮ ಮನೆಯಲ್ಲೇ ಆಯಿತು. ಅಣ್ಣನ ಹೆಸರಿಗೆ ಒಬ್ಬ ಮಾಸ್ತರರು ಹಾಗೆ ಬರೆದರು. ನಾನು ಸೇರುವ ಹೊತ್ತಿಗೆ ಬೇರೆ ಮಾಸ್ತರರು ಬಂದಿದ್ದರು, ಅವರು ಊರ ಹೆಸರನ್ನೇ ಅಡ್ಡಹೆಸರು ಮಾಡಿದರು. ಒಂದೇ ಮನೆ, ಎರಡು ಅಡ್ಡಹೆಸರು. ಹದಿನೇಳು ವರ್ಷ ದಿನಾ ಬೆಳಿಗ್ಗೆ ಹಾಜರಿ ಕರೆಯುವಾಗ ಅಣ್ಣನ ಜಾತಿಯನ್ನು ಇಡೀ ಕ್ಲಾಸಿಗೆ ಕೂಗಿ ಹೇಳುತ್ತಿದ್ದರು. ನನಗೆ ಮುಚ್ಚಿಡುವ ಅವಕಾಶ ಸಿಕ್ಕಿತು. ನಿನ್ನ ಅಡ್ಡಹೆಸರೂ ಅಂಥದ್ದೇ ಇರಬೇಕು, ಇಲ್ಲದಿದ್ದರೆ ‘ನಿಮ್ಮ ಪೈಕಿನೇ’ ಎಂದದ್ದು ಏಳು ತಿಂಗಳು ನಡೆಯುತ್ತಿರಲಿಲ್ಲ.

ಮುಚ್ಚಿಟ್ಟು ನಾನೇನು ಗಳಿಸಿದೆ ಅಂತ ಹೇಳುತ್ತೇನೆ ಕೇಳು. 1994. ಧಾರವಾಡದಲ್ಲಿ ಎಂ.ಎ. ಸಪ್ತಾಪುರದಲ್ಲಿ ರೂಮು, ನಾಲ್ಕು ಜನ ಹುಡುಗಿಯರು. ಆಗೆಲ್ಲ ಊರಿಂದ ಬುತ್ತಿ ಬಸ್ಸಿಗೆ ಬರುತ್ತಿತ್ತು. ಅವ್ವ ನಸುಕಿನಲ್ಲೇ ರೊಟ್ಟಿ ಬಡಿದು, ಬಟ್ಟೆಯಲ್ಲಿ ಕಟ್ಟಿ, ಕಂಡಕ್ಟರ್ ಕೈಗೆ ಕೊಡುತ್ತಿದ್ದಳು. ನಾವು ಸರದಿ ಪ್ರಕಾರ ಬಸ್‌ಸ್ಟ್ಯಾಂಡಿಗೆ ಹೋಗಿ ನಾಲ್ಕೂ ಗಂಟು ತರುತ್ತಿದ್ದೆವು. ಬಿಚ್ಚಿ ನಡುವೆ ಇಟ್ಟರೆ ಯಾರದು ಯಾರದ್ದೋ. ನಮ್ಮವ್ವನ ಪುಂಡಿಪಲ್ಯಕ್ಕೆ ಭಾಳ ಬೇಡಿಕೆ. ನನಗೇ ಉಳಿಯುತ್ತಿರಲಿಲ್ಲ. ಒಂದು ದಿನ ನೋಟಿಸ್ ಬೋರ್ಡಿಗೆ ಸ್ಕಾಲರ್‌ಶಿಪ್ ಪಟ್ಟಿ ಅಂಟಿಸಿದರು. ಅವತ್ತು ರಾತ್ರಿ ನನ್ನ ಗಂಟು ಬಿಚ್ಚಿ ಇಟ್ಟೆ. ಒಬ್ಬಳು ‘ಹೊಟ್ಟಿ ತುಂಬೇತಿ’ ಅಂದಳು. ಇನ್ನೊಬ್ಬಳಿಗೆ ಪುಂಡಿಪಲ್ಯ ಹುಳಿ ಅನ್ನಿಸತೊಡಗಿತು, ಅದೂ ಎರಡು ವರ್ಷದ ಮೇಲೆ. ಮಾರನೇ ದಿನವೂ ಹಾಗೇ. ಮೂರನೇ ದಿನ ನಾನು ಗಂಟನ್ನು ನಡುವೆ ಇಡಲೇ ಇಲ್ಲ, ನನ್ನ ಚಾಪೆ ಪಕ್ಕ ಇಟ್ಟುಕೊಂಡು ಗೋಡೆಗೆ ಮುಖ ಮಾಡಿ ಉಂಡೆ. ಯಾರೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಅದಕ್ಕೇ ನೀನು ‘ಏನೋ ಬದಲಾಗಿದೆ’ ಅಂದರೆ ನಾನು ನಂಬುತ್ತೇನೆ. ನಿನ್ನದು ಭ್ರಮೆ, ಅತಿ ಸೂಕ್ಷ್ಮ ಅಂತೆಲ್ಲ ಯಾರಾದರೂ ಹೇಳಿಯಾರು. ಇರಲೂಬಹುದು, ಕೆಲವೊಮ್ಮೆ ನಮ್ಮ ಅಂಜಿಕೆಯೇ ಎದುರಿನವರ ಮುಖದಲ್ಲಿ ಕಾಣುತ್ತದೆ. ಆದರೆ ಇದು ಪುಂಡಿಪಲ್ಯದಲ್ಲೇ ನಡೆಯುವ ಸಂಗತಿ, ಸಾಕ್ಷಿ ಉಳಿಯುವುದಿಲ್ಲ. ಒಂದು ಮಾತು ಸೇರಿಸಬೇಕು. ಆ ಮೂವರಲ್ಲಿ ಒಬ್ಬಳು, ಗದಗ ಕಡೆಯವಳು, ಹದಿನೈದು ದಿನ ಆದಮೇಲೆ ನನ್ನ ಚಾಪೆ ಹತ್ತಿರ ಬಂದು ಕೂತು, ಏನೂ ಹೇಳದೆ ನನ್ನ ಗಂಟಿನಿಂದ ರೊಟ್ಟಿ ಮುರಿದಳು. ನಾನೂ ಏನೂ ಕೇಳಲಿಲ್ಲ. ಆ ಹದಿನೈದು ದಿನ ಅವಳ ತಲೆಯಲ್ಲಿ ಏನು ನಡೆಯಿತು ಅಂತ ಇವತ್ತಿಗೂ ಕೇಳಿಲ್ಲ.

ಈಗ ನಿನ್ನ ಅಸಲು ಪ್ರಶ್ನೆ. ಹೇಳಬೇಕಾ, ಬೇಡವಾ?

ಕೇಳಿದವರಿಗೆಲ್ಲ ಜಾತಿ ಹೇಳುವ ಸಾಲ ನಿನ್ನ ಮೇಲಿಲ್ಲ. ‘ಯಾಕೆ ಕೇಳ್ತೀರಿ?’ ಅನ್ನಬಹುದು. ‘ಅದೆಲ್ಲ ಬಿಡ್ರಿ’ ಅಂತ ನಕ್ಕು ಎದ್ದು ಹೋಗಬಹುದು. ಹಾಗೆ ಸುಮ್ಮನಿರುವುದಕ್ಕೆ ಏನೂ ಖರ್ಚಿಲ್ಲ. ಸುಳ್ಳು ಹೇಳಿದರೆ ಮಾತ್ರ ದಿನಾ ಅದರ ಚಾಕರಿ ಮಾಡಬೇಕು. ನಿಮ್ಮ ಮನೆದೇವರು ಯಾವುದು, ಯಾವ ಮಠಕ್ಕೆ ನಡೆದುಕೊಳ್ಳುತ್ತೀರಿ, ನಿಮ್ಮ ಅತ್ತೆ ಊರು ಯಾವುದು, ಮನೆಯಲ್ಲಿ ಮಾಂಸ ಮಾಡ್ತಾರಾ, ಒಂದೊಂದಕ್ಕೂ ಹೊಸ ಉತ್ತರ, ಹೋದ ವಾರ ಹೇಳಿದ್ದು ಈ ವಾರ ನೆನಪಿರಬೇಕು. ಓದಲು ಬೇಕಾದ ತಲೆ ಇದಕ್ಕೇ ಖರ್ಚಾಗುತ್ತದೆ. ಒಳ್ಳೆ ಅಂಕ ತೆಗೆಯುತ್ತಿದ್ದ ಮಕ್ಕಳು ಎರಡನೇ ಸೆಮಿಸ್ಟರಿನಲ್ಲಿ ಯಾಕೆ ಬಿದ್ದರು ಅಂತ ವಿಚಾರಿಸಿದರೆ ಎಷ್ಟೋ ಸಲ ಇದೇ ಸಿಕ್ಕಿದೆ.

ಮತ್ತೆ ಅಪ್ಪ. ಆ ಒಂದು ಸಾಲು ಓದಿ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹುಬ್ಬಳ್ಳಿಯ ಹೋಳಿ ನೋಡಿದ್ದೀಯಲ್ಲ, ರಂಗಪಂಚಮಿ ತನಕ ಹಲಗಿಯದೇ ಸದ್ದು. ಎಲ್ಲ ಜಾತಿಯ ಹುಡುಗರೂ ಕೊರಳಿಗೆ ಹಲಗಿ ಹಾಕಿಕೊಂಡು ಬಾರಿಸುತ್ತಾರೆ, ದೊಡ್ಡ ಹಲಗಿಗಳ ಜಗ್ಗಲಗಿ ಮೆರವಣಿಗೆ ನೋಡಲು ಜನ ಮುಗಿಬೀಳುತ್ತಾರೆ, ವಿಡಿಯೋ ಸ್ಟೇಟಸ್ಸಿಗೆ ಹೋಗುತ್ತದೆ. ನಿನ್ನ ರೂಮ್‌ಮೇಟ್‌ಗಳೂ ಹಾಕಿರುತ್ತಾರೆ, ಬೇಕಾದರೆ ನೋಡು. ಅವರ ಕೈಯಲ್ಲಿ ಅದು ಸಂಸ್ಕೃತಿ. ಹೊಟ್ಟೆಪಾಡಿಗೆ, ಹೆಣದ ಮುಂದೆ, ಜಾತ್ರೆಯ ಮುಂದೆ ಬಾರಿಸುವ ನಿಮ್ಮಪ್ಪನ ಕೈಯಲ್ಲಿ ಅದು ಜಾತಿ. ಚರ್ಮ ಅದೇ, ಕಟ್ಟಿಗೆ ಅದೇ. ನಾಚಿಕೆಪಡಬೇಕಾದವರು ನಿಮ್ಮಪ್ಪನೂ ಅಲ್ಲ, ನೀನೂ ಅಲ್ಲ. ಇದು ಹೇಳಲು ಸುಲಭ, ನನಗೆ ಅರ್ಥವಾಗಲು ಮೂವತ್ತು ದಾಟಬೇಕಾಯಿತು.

ಹಾಗಾಗಿ ನನ್ನ ಅಭಿಪ್ರಾಯ: ಸುಳ್ಳಿನಿಂದ ಹೊರಗೆ ಬಾ. ಆದರೆ ಮೈಕ್ ಹಿಡಿದು ಘೋಷಣೆ ಮಾಡಬೇಡ. ಮತ್ತು ಹೇಳುವ ಮೊದಲು ತಲೆ ಮೇಲೊಂದು ಸೂರು ನೋಡಿಟ್ಟುಕೋ. ಮಾಲೀಕರ ಕಿವಿಗೆ ಬಿದ್ದರೆ ‘ನಮ್ಮ ತಂಗಿ ಮಗ ಬರ್ತಾನ, ರೂಮ್ ಖಾಲಿ ಮಾಡ್ರಿ’ ಅನ್ನುತ್ತಾರೆ, ಪರೀಕ್ಷೆ ಮುಂದೆ. ಯಾವತ್ತೂ ಆ ತಂಗಿ ಮಗ ಬರುವುದಿಲ್ಲ. ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ಗೆ ಸ್ಟೇಟ್ ಹಾಸ್ಟೆಲ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಒಮ್ಮೆ ಸಿಗಲಿಲ್ಲ ಅಂತ ಬಿಡಬೇಡ. ವರ್ಷದ ನಡುವೆ ಬಿಟ್ಟುಹೋಗುವವರು ಇದ್ದೇ ಇರುತ್ತಾರೆ. ಇಲಾಖೆಯ ತಾಲ್ಲೂಕು ಕಚೇರಿಗೆ ಖುದ್ದಾಗಿ ಹೋಗಿ ಖಾಲಿ ಸೀಟು ವಿಚಾರಿಸು, ಫೋನಿನಲ್ಲಿ ಕೇಳಿದರೆ ‘ಇಲ್ಲ’ ಅನ್ನುವುದು ಸುಲಭ.

‘ಎಸ್ಸಿ ಹಾಸ್ಟೆಲ್’ ಅಂತ ಮೂಗು ಮುರಿಯುವವರಿಗೆ ಈ ಊರಿನ ಕಥೆಯೇ ಗೊತ್ತಿಲ್ಲ. 1920ರ ದಶಕದ ಕೊನೆಯಲ್ಲಿ ಅಂಬೇಡ್ಕರ್ ಅವರೇ ಧಾರವಾಡದಲ್ಲಿ ನಮ್ಮ ಮಕ್ಕಳಿಗೆ ಹಾಸ್ಟೆಲ್ ಶುರು ಮಾಡಿಸಿದ್ದರು, ಬಳವಂತರಾವ್ ವರಾಳೆ ಅದನ್ನು ನೋಡಿಕೊಳ್ಳುತ್ತಿದ್ದರು. ಅಂಬೇಡ್ಕರ್ ಅವರ ಪತ್ನಿ ರಮಾಬಾಯಿ ಹವಾ ಬದಲಾವಣೆಗೆ ಅಂತ ವರಾಳೆಯವರ ಮನೆಗೆ ಬಂದು ಇದ್ದಾಗ ಅನುದಾನ ಬಾರದೆ ಮಕ್ಕಳಿಗೆ ಊಟಕ್ಕಿಲ್ಲ ಎಂದು ತಿಳಿದು ಕೈಯ ಬಂಗಾರದ ಬಳೆ ಬಿಚ್ಚಿಕೊಟ್ಟರು ಅಂತ ಇಲ್ಲಿನ ಹಿರಿಯರು ಈಗಲೂ ಹೇಳುತ್ತಾರೆ. ನೂರು ವರ್ಷವಾಗುತ್ತ ಬಂತು, ಅನುದಾನ ಇನ್ನೂ ತಡವಾಗಿಯೇ ಬರುತ್ತದೆ, ಅದು ಬೇರೆ ಮಾತು.

ಹಾಸ್ಟೆಲ್‌ನಿಂದ ಇನ್ನೊಂದು ಲಾಭ. ಅಲ್ಲಿ ಯಾವ ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಳ್ಳಬೇಕಿಲ್ಲ. ದಿನಕ್ಕೆ ಕೆಲವು ತಾಸಾದರೂ ಮುಖದ ಸ್ನಾಯು ಸಡಿಲ ಬಿಡುವ ಜಾಗ ಬೇಕು. ಸೀನಿಯರ್‌ಗಳೂ ಸಿಗುತ್ತಾರೆ. ಯಾವ ಗೈಡ್ ಹೇಗೆ, ಯಾರ ಹತ್ತಿರ ಇಂಟರ್ನಲ್ ಅಂಕಕ್ಕೆ ತಕರಾರು ಬರುತ್ತದೆ, ಯಾವ ಕ್ಲರ್ಕು ಫೈಲು ಕೂರಿಸಿಕೊಳ್ಳುತ್ತಾರೆ, ಇದೆಲ್ಲ ಪ್ರಾಸ್ಪೆಕ್ಟಸ್‌ನಲ್ಲಿ ಇರುವುದಿಲ್ಲ. ಮೇಲುಜಾತಿ ಮಕ್ಕಳಿಗೆ ಅದನ್ನು ಅವರ ಕಾಕಾ, ಮಾಮಾ ಹೇಳಿಕೊಡುತ್ತಾರೆ. ನಮಗೆ ಸೀನಿಯರ್‌ಗಳೇ ಕಾಕಾ.

ಹೇಳುವ ವಿಷಯ. ಇಬ್ಬರಲ್ಲಿ ಒಬ್ಬಳನ್ನು ಆರಿಸು, ಹತ್ತಿರದವಳನ್ನು. ಊಟದ ಹೊತ್ತಲ್ಲಿ ಬೇಡ, ಮೂರೂ ಜನ ಇರುವಾಗ ಬೇಡ. ವಾಕಿಂಗ್ ಹೋದಾಗ ಒಳ್ಳೆಯದು, ಮುಖ ನೋಡಬೇಕಾಗಿಲ್ಲ. ‘ಅವತ್ತು ಕೇಳಿದ್ದಿ ಅಲ್ಲ, ನಾನು ಸುಳ್ಳು ಹೇಳಿದ್ದೆ. ನಾವು ಎಸ್‌ಸಿ. ನಮ್ಮಪ್ಪ ಹಲಗಿ ಬಾರಿಸ್ತಾನ. ನಿನಗ ಗೊತ್ತಿರಲಿ ಅಂತ ಹೇಳಿದೆ.’ ಇಷ್ಟೇ. ಸಾರಿ ಅನ್ನಬೇಡ. ನಾವು ಶುದ್ಧವಾಗಿರ್ತೀವಿ, ನಮ್ಮ ಮನೆಯಲ್ಲಿ ಅದು ತಿನ್ನಲ್ಲ, ಇದು ಮಾಡಲ್ಲ ಅಂತ ಪ್ರಮಾಣಪತ್ರ ಕೊಡಲು ಹೋಗಬೇಡ. ಆ ಮೆಟ್ಟಿಲು ಇಳಿದರೆ ಮುಗಿಯುವುದೇ ಇಲ್ಲ.

ಅವಳು ಏನು ಅನ್ನಬಹುದು? ‘ಅಯ್ಯ, ನಾನು ಅದೆಲ್ಲ ನೋಡಂಗಿಲ್ಲ’ ಅನ್ನಬಹುದು. ಅದು ನಿಜವೋ ಅಲ್ಲವೋ ಮುಂದಿನ ಎರಡು ವಾರ ತಟ್ಟೆಯಲ್ಲಿ ಗೊತ್ತಾಗುತ್ತದೆ. ‘ನಿನ್ನ ನೋಡಿದ್ರ ಹಂಗ ಅನ್ಸಂಗೇ ಇಲ್ಲ’ ಅನ್ನಬಹುದು. ಅವಳು ಹೊಗಳಿದೆ ಅಂದುಕೊಂಡಿರುತ್ತಾಳೆ. ನನಗೆ ಇದನ್ನು ಡಾಕ್ಟರೇಟ್ ಮಾಡಿದವರೇ ಅಂದಿದ್ದಾರೆ. ನಾನು ಈಗೆಲ್ಲ ‘ಹೆಂಗ ಕಾಣಬೇಕಿತ್ತು ಹೇಳ್ರಿ’ ಅಂತ ಕೇಳುತ್ತೇನೆ. ಉತ್ತರ ಬರುವುದಿಲ್ಲ, ಚಹಾ ಬರುತ್ತದೆ. ಇನ್ನು ಅವಳು ದೂರವಾದರೆ ಆಗಲಿ ಬಿಡು. ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅವಳ ಊರಿನ ಜಾತ್ರೆಗೆ ಹೋಗಿ ಪಡಸಾಲೆಯಲ್ಲಿ ಎಲೆ ಮುಂದೆ ಕೂತಾಗ ಗೊತ್ತಾಗುವುದಕ್ಕಿಂತ ಇದು ಲೇಸು.

ಲ್ಯಾಬಿನ ಹುಡುಗನ ಮಾತು. ಇವನಿಗೆ ಉತ್ತರ ಕೊಡಲೇಬೇಕು ಅಂತಿಲ್ಲ, ಕೊಡುವ ಮನಸ್ಸಿದ್ದರೆ ಲೆಕ್ಕ ಗೊತ್ತಿರಲಿ. ಕರ್ನಾಟಕದಲ್ಲಿ ಎಸ್‌ಸಿಗೆ ಮೊದಲು ಶೇ. 15 ಇತ್ತು, ಎಸ್‌ಟಿಗೆ ಶೇ. 3. 2022ರಲ್ಲಿ 17 ಮತ್ತು 7 ಆಯಿತು. ನಮ್ಮ ಮಕ್ಕಳು ಜಿಎಂ (ಜನರಲ್ ಮೆರಿಟ್) ಕಟಾಫ್ ದಾಟಿದರೆ ಜಿಎಂ ಸೀಟಿಗೇ ಹಕ್ಕುದಾರರು, ಅದನ್ನು ಮೀಸಲಾತಿ ಲೆಕ್ಕಕ್ಕೆ ಹಾಕುವಂತಿಲ್ಲ ಎಂಬ ತತ್ವ ಸುಪ್ರೀಂ ಕೋರ್ಟಿನ 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲೇ ಇದೆ. ಎಷ್ಟೋ ಜನ ‘ಎಸ್ಸಿ ಅಂದರೆ ಎಸ್ಸಿ ಸೀಟು’ ಅಂದುಕೊಂಡಿದ್ದಾರೆ, ನಮ್ಮವರೂ ಸೇರಿ. ಮತ್ತೆ ಒಂದು ತಮಾಷೆ ನೋಡು, ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷಗಟ್ಟಲೆ ಕಟ್ಟಿ ಬಂದವನಿಗೆ ‘ನಿನ್ನ ಮೆರಿಟ್ ಎಷ್ಟಪ್ಪಾ’ ಅಂತ ಯಾರೂ ಕೇಳುವುದಿಲ್ಲ.

ಪಟ್ಟಿ ಹಾಕಿದ್ದು ಮಾತ್ರ ಸಣ್ಣ ವಿಷಯ ಅಲ್ಲ, ಅದನ್ನು ಬಿಡಬೇಡ. ಯಾರಿಗೂ ನಿನ್ನ ಮೇಲೆ ದ್ವೇಷವಿಲ್ಲ, ಕ್ಲರ್ಕು ಎಕ್ಸೆಲ್ ಶೀಟನ್ನು ಹಾಗೇ ಫಾರ್ವರ್ಡ್ ಮಾಡಿದ್ದಾರೆ ಅಷ್ಟೇ. ಮೂವತ್ತು ವರ್ಷದ ಹಿಂದೆ ನೋಟಿಸ್ ಬೋರ್ಡು, ಈಗ ವಾಟ್ಸಾಪು. ವಿಶ್ವವಿದ್ಯಾಲಯಗಳ ಮೇಲುಸ್ತುವಾರಿ ನೋಡುವ ಯುಜಿಸಿ 2012ರಲ್ಲಿ ಸಮಾನತೆ ಕುರಿತ ನಿಯಮ ಮಾಡಿತು. ಕ್ಲಾಸಿನಲ್ಲಿ ವಿದ್ಯಾರ್ಥಿಗಳ ಜಾತಿ ಪ್ರಕಟಿಸುವುದು, ‘ರಿಸರ್ವೇಶನ್‌ನವರು’ ಅಂತ ಹಣೆಪಟ್ಟಿ ಹಚ್ಚುವುದು, ಹಾಸ್ಟೆಲ್, ಮೆಸ್ಸಿನಲ್ಲಿ ಬೇರೆ ಕೂರಿಸುವುದು, ಎಲ್ಲವನ್ನೂ ಅದು ತಾರತಮ್ಯ ಅನ್ನುತ್ತದೆ. ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಕೋಶ, ತಾರತಮ್ಯ ತಡೆ ಅಧಿಕಾರಿ ಇರಬೇಕು ಅನ್ನುತ್ತದೆ. ಅರ್ಧ ಹಾಳೆ ಅರ್ಜಿ ಬರೆ, ವಿಭಾಗದ ಮುಖ್ಯಸ್ಥರಿಗೆ: ಇಂಥ ದಿನ ಇಂಥ ಪಟ್ಟಿ ಗ್ರೂಪಿಗೆ ಬಂತು, ಕೆಟಗರಿ ಕಾಲಂ ಇತ್ತು, ತೆಗೆಸಿ, ಮುಂದೆ ಅರ್ಜಿ ನಂಬರ್ ಮಾತ್ರ ಹಾಕಿ. ಸಿಟ್ಟಿನ ಮಾತು ಒಂದೂ ಬೇಡ. ಆ ಪಟ್ಟಿಯಲ್ಲಿ ನಿನ್ನೊಬ್ಬಳದೇ ಹೆಸರಿಲ್ಲವಲ್ಲ, ಇನ್ನೂ ನಾಲ್ಕು ಸಹಿ ಹಾಕಿಸು. ಒಂದು ಪ್ರತಿ ಎಸ್‌ಸಿ-ಎಸ್‌ಟಿ ಸೆಲ್‌ಗೆ. ಮುಖ್ಯವಾಗಿ, ಇನ್‌ವರ್ಡ್ ನಂಬರ್ ಹಾಕಿಸಿ ಸೀಲಿನ ಪ್ರತಿ ಇಟ್ಟುಕೋ. ಬಾಯಿಮಾತಿನ ದೂರಿಗೆ ‘ನೋಡೋಣ ಬಿಡವ್ವಾ’, ಸೀಲಿನ ದೂರಿಗೆ ಫೈಲು. ಸಹಿಗೆ ಅಂತ ಓಡಾಡುವಾಗ ಇನ್ನೊಂದು ಆಗುತ್ತದೆ, ಕ್ಲಾಸಿನಲ್ಲಿ ನಿನ್ನಂಥವರು ಯಾರ್ಯಾರು ಅಂತ ಗೊತ್ತಾಗುತ್ತದೆ. ಏಳು ತಿಂಗಳಿಂದ ಅವರೂ ನಿನ್ನ ಹಾಗೇ ಉತ್ತರ ಹುಡುಕುತ್ತ ಕೂತಿರಬಹುದು.

ಕಾನೂನಿನ ಬಗ್ಗೆ ಚುಟುಕಾಗಿ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ, ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಬೇಕಂತಲೇ ಅವಮಾನಿಸುವುದು, ಜಾತಿ ಹಿಡಿದು ಬಯ್ಯುವುದು ಅಪರಾಧ. ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತಿಗೆ ಈ ಕಲಂ ಹತ್ತುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಲ್ಯಾಬಿನ ಆ ಒಂದು ಮಾತಿಗೆ ಪೊಲೀಸ್ ಠಾಣೆ ಹತ್ತು ಅಂತ ನಾನು ಹೇಳುವುದಿಲ್ಲ. ಆದರೆ ತಾರೀಕು, ಹೊತ್ತು, ಯಾರ್ಯಾರಿದ್ದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಅದು ದಿನಾ ಶುರುವಾದರೆ, ಅಥವಾ ಪ್ರಾಕ್ಟಿಕಲ್ ಅಂಕದಲ್ಲಿ ಕೈಯಾಡಿಸಿದರೆ, ಆ ನೋಟ್‌ಬುಕ್ಕೇ ಕೆಲಸಕ್ಕೆ ಬರುತ್ತದೆ. ಜಾತಿ ಹಿಡಿದು ಕಾಡುವುದು, ದೂರ ಇಡುವುದು ಯುಜಿಸಿಯ 2016ರ ತಿದ್ದುಪಡಿ ಪ್ರಕಾರ ರ‍್ಯಾಗಿಂಗ್ ಕೂಡ ಹೌದು, ಅದರ ಸಹಾಯವಾಣಿ 1800-180-5522. ದೌರ್ಜನ್ಯದ ದೂರಿಗೆ 14566.

ಸ್ಕಾಲರ್‌ಶಿಪ್ ಅರ್ಜಿಯನ್ನು ನಾಚಿಕೆಗೆ ಬಿಟ್ಟುಬಿಡುವ ಮಕ್ಕಳಿದ್ದಾರೆ, ಪಟ್ಟಿಯಲ್ಲಿ ಹೆಸರು ಬರಬಾರದು ಅಂತ. ಆ ಹುಚ್ಚುತನ ಮಾಡಬೇಡ. 2016ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಕೊನೆಯ ಪತ್ರದಲ್ಲೂ ಏಳು ತಿಂಗಳ ಫೆಲೋಶಿಪ್ ಬಾಕಿ ಬರಬೇಕು ಅಂತ ಬರೆದಿದ್ದ. ದುಡ್ಡು ನಿಂತರೆ ಮನಸ್ಸೂ ಕುಸಿಯುತ್ತದೆ, ಎರಡೂ ಬೇರೆ ಅಲ್ಲ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಆಧಾರ್ ಮತ್ತು ಬ್ಯಾಂಕ್ ಖಾತೆ ಜೋಡಣೆ ಸರಿ ಇದೆಯಾ ಅಂತ ಇವತ್ತೇ ನೋಡು. ರಾತ್ರಿ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂತಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಹಾಗೆ ಅನ್ನಿಸದಿದ್ದರೂ ನಂಬರ್ ಸೇವ್ ಮಾಡಿಟ್ಟುಕೋ.

ಅಪ್ಪ ಮುಂದಿನ ಸಲ ಬಂದಾಗ ರೂಮಿಗೆ ಕರೆದೊಯ್ಯುವ ಧೈರ್ಯ ಬಂದಿರದಿದ್ದರೆ ಚಿಂತೆಯಿಲ್ಲ. ಬಸ್‌ಸ್ಟ್ಯಾಂಡಿನಿಂದ ಸೀದಾ ಕ್ಯಾಂಪಸ್ಸಿಗೆ ಕರೆದುಕೊಂಡು ಹೋಗು. ಡಿಪಾರ್ಟ್‌ಮೆಂಟ್ ತೋರಿಸು. ಬಾಗಿಲಿನಿಂದಲೇ ಆದರೂ ಸರಿ, ನೀನು ಕೆಲಸ ಮಾಡುವ ಲ್ಯಾಬಿನ ಟೇಬಲ್ ತೋರಿಸು. ಕ್ಯಾಂಟೀನಿನಲ್ಲಿ ಚಹಾ ಕುಡಿಸಿ ಕಳಿಸು. ಹಾಸ್ಟೆಲ್ ಸೀಟಿನ ಬಗ್ಗೆ ತಾಲ್ಲೂಕು ಕಚೇರಿಯಲ್ಲಿ ಏನಂದರು ಅಂತ ಬರೆದು ತಿಳಿಸು.